ಏಟಯ್ಯ ಕಟ್ಟಿದ ಮೀಸಲು

ನಮ್ಮೆಜಮಾನ್ರ ಹೆಸರು ಕೆಂಪನಂಜಪ್ಪ ಅಂತ. ಆದ್ರೆ ಊರೋರ ಬಾಯಲ್ಲಿ ಅವರು ಏಟಯ್ಯ. ನಮ್ಮ ಕೊಳ್ಳೇಗಾಲ ತಾಲೂಕು ಮದರಾಸಿಗೆ ಸೇರಿರೋದಲ್ವಾ, ಹೆಡ್ ಕಾನ್‌ಸ್ಟೇಬಲ್ಲನ್ನ ತಮಿಳಿನೋರು ಏಟಯ್ಯ ಅಂತಾರೆ, ಅದೇ ಇಲ್ಲೂ ನಿಂತುಬಿಡ್ತು. ಭವಾನಿ, ಗೋಬಿ, ಹನೂರು ಅಂತ ಮೂವತ್ತೊಂದು ವರ್ಷ ಸ್ಟೇಷನ್ನು ಸುತ್ತಿ, ಐವತ್ತೊಂದನೇ ಇಸವೀಲಿ ಪಿಂಚಣಿ ತಗೊಂಡು ರಾಮಾಪುರದ ಪಕ್ಕದ ನಮ್ಮೂರಿಗೆ ಬಂದ್ವಿ. ನನ್ನ ಬಾಯಿ ಜೋರು ಅಂತ ಇಲ್ಲಿ ಎಲ್ರೂ ಆಡ್ಕೋತಾರೆ. ಆಡ್ಕೊಳ್ಳಲಿ. ಅಷ್ಟು ವರ್ಷ ಪೊಲೀಸ್ ಲೈನ್ ಮನೇಲಿ ಸಂಸಾರ ಮಾಡಿದೋಳ ಬಾಯಿ ಮೆತ್ತಗಿರುತ್ತಾ?

ಬಂದ ಮೂರನೇ ದಿನಕ್ಕೇ ಈ ಮನುಷ್ಯ ಹಳೇ ಖಾಕಿ ನಿಕ್ಕರು ತೊಟ್ಟು, ಹೆಗಲ ಮೇಲೆ ಗುದ್ದಲಿ ಇಟ್ಕೊಂಡು ಬಾಗಿಲಲ್ಲಿ ನಿಂತ್ರು. "ಅಮ್ಮಿ, ಡ್ಯೂಟಿಗೆ ಹೋಗ್ಬತ್ತೀನಿ" ಅಂದ್ರು. ನನಗೆ ನಗು ತಡೀಲಿಲ್ಲ.

ಡ್ಯೂಟಿ ಅಂದ್ರೆ ಹಳ್ಳದ ಪಕ್ಕದ ಎರಡೆಕರೆ. ಅದು ಇವರ ಪಾಲಿನ ನೆಲ. ಇವರು ಖಾಕಿ ಹಾಕಿದ ದಿನದಿಂದ ಒಂದು ಸಾಲೂ ಉತ್ತಿರಲಿಲ್ಲ. ಇವರಣ್ಣ, ನಮ್ಮ ದೊಡ್ಡ ಬಾವ ಪುಟ್ಟಬಸಪ್ಪನವರು, ಪಕ್ಕದಲ್ಲೇ ತಮ್ಮ ಪಾಲನ್ನ ಕನ್ನಡಿ ಇದ್ದಂಗೆ ಇಟ್ಕೊಂಡಿದ್ರೂ ಈ ಕಡೆ ಒಂದು ಕಡ್ಡಿ ಕೀಳಲಿಲ್ಲ. ತಮ್ಮ ನೇಗಿಲು ಬಿಟ್ಟು ಲಾಠಿ ಹಿಡಿದ ಅಂತ ಅವರಿಗೆ ಬಲು ಸಿಟ್ಟು. ಇವರು ಕೆಲಸಕ್ಕೆ ಹೊರಟ ದಿನ ಅಂಗಳದಲ್ಲಿ ನಿಂತು, "ಲೇ ನಂಜ, ಆ ನೆಲದಾಗೆ ನೀನೇ ಬೆಳ್ದು, ನೀನೇ ನಿನ್ ಕೈಯ್ಯಾರೆ ಇಕ್ಕೋಗಂಟ ನಿಮ್ಮಟ್ಟೀಲಿ ಒಂದ್ ತುತ್ತು ಮುಟ್ಟಾಕಿಲ್ಲ" ಅಂದುಬಿಟ್ರು.

ಆಡಿದ್ದಕ್ಕೆ ಸರಿಯಾಗಿ ನಡಕೊಂಡ್ರು, ಮಹರಾಯ. ನಮ್ಮ ಮಗಳ ಮದುವೇಲಿ ಚಪ್ಪರ ಹಾಕಿಸಿದ್ದು ಅವರು, ನೀರು ಹೊರಿಸಿದ್ದು ಅವರು, ಪಂಕ್ತಿ ಪಂಕ್ತಿ ನಿಂತು ಬಡಿಸಿದ್ದೂ ಅವರೇ. ಉಣ್ಣೋ ಹೊತ್ತಿಗೆ ಮಾತ್ರ ಟವೆಲ್ಲು ಹೆಗಲಿಗೆ ಹಾಕ್ಕೊಂಡು ತಮ್ಮ ಮನೆಗೆ ಹೋಗಿ ತಂಗಳು ಮುದ್ದೆ ಉಂಡು ಬಂದ್ರು. ಅವತ್ತು ನಮ್ಮೆಜಮಾನ್ರು ಹಿತ್ತಲಲ್ಲಿ ಮುಖ ಆಚೆ ತಿರುಗಿಸಿ ನಿಂತಿದ್ದನ್ನ ನಾನು ನೋಡಿದೀನಿ. ಪಿಂಚಣಿ ಬಂದ ಮೇಲೆ ಇವರಿಗಿದ್ದದ್ದು ಒಂದೇ ಆಸೆ, ಅಣ್ಣನಿಗೆ ಆ ನೆಲದ್ದು ಒಂದು ಊಟ ಇಕ್ಕಬೇಕು.

ನೆಲ ಅಂತೀನಿ, ನೆಲ ಎಲ್ಲಿ ಕಾಣ್ತಿತ್ತು! ಆಳೆತ್ತರ ಲಂಟಾನ. ಒಳಗೆ ಆನೆ ಮಲಗಿದ್ರೂ ಗೊತ್ತಾಗ್ತಿರಲಿಲ್ಲ. ಇವರು ಮಚ್ಚಲ್ಲಿ ಕಡಿದ್ರು, ಕಡಿದ್ರು, ಹದಿನೈದು ದಿನ ಕಡಿದ್ರು. ಅಂಗೈಯೆಲ್ಲ ಬೊಬ್ಬೆ. ನಾನು ಹರಳೆಣ್ಣೆ ಹಚ್ಚೋಳು, ಬೈಯೋಳು. ಒಂದು ಮಳೆ ಬಿತ್ತು ನೋಡಿ, ಒಂದು ಬುಡಕ್ಕೆ ಹತ್ತು ಚಿಗುರು! "ಡೇಯ್!" ಅಂತ ತಮಿಳಲ್ಲಿ ಗಿಡಕ್ಕೇ ಗದರಿಸ್ತಾ ನಿಂತ್ರು ನಮ್ಮ ಏಟಯ್ಯ.

ಆಮೇಲೆ ಕಾಡಂಚಿನ ಹೊಲದ ಮಾದಣ್ಣ ಬಂದು ಹೇಳಿಕೊಟ್ಟ. "ಸಾ, ತಲೆ ಕಡುದ್ರೆ ಅದು ಸಾಯಾಕಿಲ್ಲ ಕಣ್ ಸಾ. ಬುಡಾನೇ ಅಗುದು, ಬೇರ್ನ ಮೇಲಕ್ ಮಾಡಿ ಬಿಸ್ಲಿಗೆ ಮಡಗ್ಬೇಕು." ಹಂಗೇ ಮಾಡಿದ್ರು. ಎರಡು ತಿಂಗಳಲ್ಲಿ ಹಳ್ಳದ ಕಡೆಯ ಅರ್ಧ ಎಕರೆ ಬಯಲಾಯ್ತು. ಸಿಹಿಗುಂಬಳ, ಸೋರೆ, ಬದನೆ, ಅವರೆ, ಒಂದು ಮೂಲೇಲಿ ಗೆಣಸು ಹಾಕಿದ್ವಿ. ಸುತ್ತ ಕಡಿದ ಮುಳ್ಳಿನ ಬೇಲಿ.

ಕುಂಬಳ ಎರಡೆಲೆ ಬಿಟ್ಟಿದ್ದೇ ತಡ, ಕೆಂಪು ದುಂಬಿ ಬಂದು ಎಲೆಯೆಲ್ಲ ಜರಡಿ ಮಾಡಿಬಿಡ್ತು. ಅದಕ್ಕೆ ನನ್ನ ಒಲೆ ಬೂದಿ. ಬೆಳಿಗ್ಗೆ ಇಬ್ಬನಿ ಆರೋ ಮುಂಚೆ ಮೊರದಲ್ಲಿ ಬೂದಿ ತಗೊಂಡು ಹೋಗಿ ಉದುರಿಸಿದ್ರೆ ದುಂಬಿ ಹತ್ತಿರ ಸುಳಿಯಲ್ಲ. ಅವರೆಗೆ ಹುಳ ಬಿತ್ತು, ನಾನು ಕಡ್ಡೀಲಿ ಆರಿಸಿ ಮಡಕೆಗೆ ಹಾಕ್ತಿದ್ದೆ, ಇವರು ಹಿಂದೆ ನಿಂತು ಎಣಿಸ್ತಿದ್ರು. "ಇವತ್ತು ನೂರಾ ಹನ್ನೆರಡು ಜನ ಅರೆಸ್ಟು" ಅಂದ್ರು ಒಂದಿನ. ಸುಳ್ಳು ಯಾಕೆ ಹೇಳಲಿ, ನನಗೆ ಆ ದಿನಗಳು ಬಲು ಸುಖ ಅನಿಸ್ತಿದ್ವು. ಲೈನ್ ಮನೇಲಿದ್ದಾಗ ಈ ಗಂಡಸಿನ ಜೊತೆ ಒಂದು ಬೆಳಿಗ್ಗೆ ನೆಟ್ಟಗೆ ಕೂತು ಮಾತಾಡಿದ್ದೇ ಇಲ್ಲ ನಾನು.

ಆಶ್ವೀಜ ಕಳೆಯೋ ಹೊತ್ತಿಗೆ ಹತ್ತೊಂಬತ್ತು ಕುಂಬಳಕಾಯಿ ಬಲಿತು ಹಳ್ಳದ ದಂಡೇಲಿ ಕೂತಿದ್ವು. ಇವರು ಹೆಮ್ಮೆ ತಡೀಲಾರದೆ ಅಣ್ಣನ ಮುಂದೆ ಹೋಗಿ ನಿಂತು, "ಅಣ್ಣಾ, ಕಾರ್ತೀಕದ ಮೊದಲನೇ ಸೋಮವಾರ ಊಟಕ್ಕೆ ಬರಬೇಕು" ಅಂದು ಬಂದ್ರು. ಬಾವ ಏನಂದ್ರು ಅಂತ ಕೇಳಿದೆ. "ಹ್ಞೂಂ ಅಂದ" ಅಂದ್ರು. ಅವತ್ತು ರಾತ್ರಿ ಸುಮ್ಮಸುಮ್ಮನೆ ನಗ್ತಾ ಮಲಗಿದ್ರು.

ಆಗ ಶುರುವಾಯ್ತು ನೋಡಿ ಕಳ್ಳತನ. ಮೊದಲು ಮೂಲೇಲಿದ್ದ ಗೆಣಸು ಪೂರಾ ಬಗೆದು ಹೋಯ್ತು. ಮಾರನೇ ದಿನ ಎರಡು ಕುಂಬಳಕಾಯಿ ಅರ್ಧ ಕೆತ್ತಿ ಬಿಟ್ಟಿತ್ತು. ಏಟಯ್ಯ ಮೊಣಕಾಲೂರಿ ಕೂತು, ಕನ್ನಡಕ ಹಾಕ್ಕೊಂಡು, ಗುರುತು ನೋಡಿದ್ರು. ತಿರುಳಲ್ಲಿ ಜೋಡಿ ಜೋಡಿ ಗೀರು.

"ಇದು ಉಳಿ ಏಟು" ಅಂದ್ರು.

"ಉಳಿಯಾ? ಕುಂಬಳಕಾಯಿಗೆ ಯಾರಾದ್ರೂ ಉಳಿ ಹಿಡಿತಾರಾ?"

"ಮೂವತ್ತೊಂದು ವರ್ಷ ನೋಡಿದೀನಿ ಅಮ್ಮಿ. ಪ್ರಾಣಿ ಹಿಂಗೆ ಕೆತ್ತಲ್ಲ, ಇದು ಮನುಷ್ಯರ ಕೆಲಸ. ಊರಲ್ಲಿ ಉಳಿ ಇರೋದು ಆಚಾರಿ ಹತ್ರ."

ಪಾಪ, ಆ ಆಚಾರಿ ನಮ್ಮ ಬಾಗಿಲಿಗೆ ದುಡ್ಡಿಲ್ಲದೆ ಅಗುಳಿ ಮಾಡಿಕೊಟ್ಟೋನು! "ಆಚಾರಿ ಮನೆ ಮುಂದೆ ಲಾಠಿ ಹಿಡಕೊಂಡು ಹೋದ್ರೆ ನಾನು ನಮ್ಮಕ್ಕನ ಮನೇಲೇ ಉಳಕೋತೀನಿ" ಅಂತ ಗದರಿಸಿ, ಆಣೆ ಇಡಿಸ್ಕೊಂಡು, ನಾನು ಯಳಂದೂರಿಗೆ ಹೊರಟೆ. ಅಕ್ಕ ಸುವರ್ಣಮ್ಮನಿಗೆ ಮೈ ಹುಷಾರಿರಲಿಲ್ಲ. ಇದ್ದದ್ದು ಎರಡೇ ದಿನ. ಶನಿವಾರ ಮಧ್ಯಾಹ್ನ ಬಸ್ಸಿಳಿದು ನೆಟ್ಟಗೆ ತೋಟಕ್ಕೆ ಹೋದ್ರೆ, ಅಯ್ಯೋ ಶಿವನೇ!

ಕುಂಬಳಕಾಯಿಗೆಲ್ಲ ಹಳದಿ ದಾರ. ಸೋರೆಗೆ ದಾರ. ಬದನೆ ಗಿಡಕ್ಕೆ ದಾರ. ಅವರೆ ಸಾಲನ್ನ ಈ ತುದಿಯಿಂದ ಆ ತುದಿವರೆಗೆ ಸುತ್ತಿದಾರೆ. ನನ್ನ ಡಬ್ಬದಲ್ಲಿದ್ದ ಅರಿಸಿನ ಪೂರಾ ಖಾಲಿ.

ನಮ್ಮ ಕಡೆ ಚೊಚ್ಚಲು ಕಾಯಿಗೆ ಅರಿಸಿನದ ದಾರ ಕಟ್ಟಿದ್ರೆ ಅದು ಮಾದಪ್ಪನ ಮೀಸಲು. ಬೆಟ್ಟದ ಮೇಲಿನ ಅವನ ಗುಡಿಗೆ ಹೊತ್ತು ಒಪ್ಪಿಸೋವರೆಗೂ ಯಾರೂ ಮುಟ್ಟಂಗಿಲ್ಲ. ಎಂಥಾ ಕಳ್ಳನಾದ್ರೂ ಅದನ್ನ ಕಂಡ್ರೆ ಕೈಮುಗಿದು ಆಚೆ ಹೋಗ್ತಾನೆ.

"ಹೆಂಗೆ ನನ್ನ ಬಂದೋಬಸ್ತು?" ಅಂತ ಮೀಸೆ ತಿರುವಿದ್ರು. "ಈಗ ಬರಲಿ ಅವನು."

"ಏನೂಂದ್ರೆ, ನಾಡಿದ್ದು ಸೋಮವಾರ ನಿಮ್ಮಣ್ಣನಿಗೆ ಏನು ಇಕ್ತೀರಾ?"

"ಕುಂಬಳಕಾಯಿ ಹುಳಿ, ಬದನೆಕಾಯಿ..." ಅಂದೋರು ಅಲ್ಲೇ ನಿಂತ್ರು.

"ಮಾದಪ್ಪನ ಮೀಸಲನ್ನ ಹುಳಿ ಮಾಡ್ತೀರಾ? ಮಾಡಿ ನೋಡೋಣ."

"ನಾನು ಕಾವಲಿಗೆ ಅಂತ ಕಟ್ಟಿದ್ದು ಕಣೆ. ಬಿಚ್ಚಿದ್ರೆ ಆಯ್ತಪ್ಪ."

"ಬಿಚ್ಚಿ."

ಒಂದು ಕಾಯಿ ಹತ್ರ ಬಗ್ಗಿದ್ರು. ದಾರದ ಹತ್ರ ಕೈ ಹೋಯ್ತು, ಬೆರಳು ಮುಂದಕ್ಕೆ ಬರಲಿಲ್ಲ. ಎರಡು ಸಲ ಹಂಗೇ ಆಯ್ತು. ಆಮೇಲೆ ಬದುವಿನ ಮೇಲೆ ಕುಸಿದು ಕೂತ್ರು. "ಮೂವತ್ತು ವರ್ಷ ಆಯ್ತು ಅಮ್ಮಿ. ಅವನ ಬಾಯಿಂದ ಹ್ಞೂಂ ಅನ್ನಿಸಿದ್ದೆ. ನಾನೇ ಕೈಯಾರೆ ಕೆಡಿಸ್ಕೊಂಡೆ" ಅಂದ್ರು. ಕಣ್ಣಲ್ಲಿ ನೀರು ಬಂದಿತ್ತು. ಬೈಯೋಕೆ ಅಂತ ಬಾಯಿ ತುಂಬ ಮಾತು ಇಟ್ಕೊಂಡಿದ್ದೋಳು ಪಕ್ಕದಲ್ಲಿ ಕೂತು ನಾನೂ ಅತ್ತೆ.

ಆ ಹೊತ್ತಿಗೆ ಬೇಲಿಯಾಚೆಯಿಂದ ಮಾದಣ್ಣ ಬಂದ. ದಾರ ನೋಡಿ ಮೊದಲು ಕೈಮುಗಿದ. ಆಮೇಲೆ ಬೇಲಿ ಬುಡದಲ್ಲಿ ಏನೋ ಎತ್ತಿಕೊಂಡು ತಂದು ಇವರ ಅಂಗೈ ಮೇಲಿಟ್ಟ. ಗೇಣುದ್ದ, ಕಪ್ಪು ಬಿಳಿ ಪಟ್ಟೆ ಪಟ್ಟೆ ಮುಳ್ಳು.

"ಏಟಯ್ಯಾ, ತಕಳಿ. ನಿಮ್ ಕಳ್ಳ ಲಾಠಿ ಬುಟ್ಟೋಗವ್ನೆ."

ಮುಳ್ಳಂದಿ! ಆ ಜೋಡಿ ಗೀರೆಲ್ಲ ಅದರ ಹಲ್ಲಿಂದು. ಬೇಲಿ ಕಡೆ ಹೋಗಿ ನೋಡಿದ್ರೆ ಕಟ್ಟಿದ ದಾರದ ಸಮೇತ ಇನ್ನೂ ಮೂರು ಕಾಯಿ ತಿಂದು ಹೋಗಿತ್ತು. ಅದಕ್ಕೇನು ಗೊತ್ತು ಮೀಸಲು? ನಮ್ಮೆಜಮಾನ್ರು ಮುಳ್ಳನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಆಚಾರಿ ಹತ್ರ ಹೋಗದೆ ಇದ್ದದ್ದು ಒಳ್ಳೇದಾಯ್ತು" ಅಂದ್ರು. ಅಳು ಮಧ್ಯೆ ನನಗೆ ನಗು ಬಂತು.

ಮಾದಣ್ಣ ಬೇಲಿ ಕೆಳಗಿನ ಕಂಡಿ ತೋರಿಸಿದ. ಮೊಣಕಾಲುದ್ದ ಅಗೆದು, ಕಲ್ಲು ಹೂತು, ಮೇಲೆ ಮುಳ್ಳು ಒತ್ತಿ ಅಂದ. ಅವತ್ತೂ ಭಾನುವಾರವೂ ಮೂರು ಜನ ಸೇರಿ ಅದನ್ನೇ ಮಾಡಿದ್ವಿ. ಉಳಿದದ್ದು ಹದಿನಾಲ್ಕು ಕುಂಬಳಕಾಯಿ, ಎಲ್ಲಾ ದೇವರದ್ದು.

ಸೋಮವಾರ ಬೆಳಿಗ್ಗೆ ಬಾವ ಒಗೆದ ಪಂಚೆ ಉಟ್ಟು ಬಂದ್ರು. ಒಲೆ ಮೇಲೆ ಅಂಗಡಿಯಿಂದ ತಂದ ಬೇಳೆ ಬಿಟ್ರೆ ಏನೂ ಇರಲಿಲ್ಲ. ಇವರು ಅಟೆನ್ಷನ್ನಲ್ಲಿ ನಿಂತು ನಡೆದದ್ದೆಲ್ಲ ಒಪ್ಪಿಸಿದ್ರು, ಉಳಿ ವಿಷಯ ಸಮೇತ.

"ಎಲ್ಲಾದ್ಕೂ ಕಟ್ಬುಟ್ಯಾ?" ಅಂದ್ರು ಬಾವ.

"ಎಲ್ಲಾದಕ್ಕೂ, ಅಣ್ಣಾ."

"ಬದ್ನೇಗೂ?"

"ಹ್ಞೂಂ."

ಬಾವ ನೆಟ್ಟಗೆ ತೋಟಕ್ಕೆ ಹೋದ್ರು, ನಾವು ಹಿಂದೆ ಹಿಂದೆ. ಹೆಬ್ಬೆರಳಲ್ಲಿ ಮಣ್ಣು ಕೆದಕಿದ್ರು. ಒಂದು ಕಡೆ ಕೂತು ಗುಳಿಗೆ ಕೈ ಹಾಕಿ ಲಂಟಾನದ ಬೇರು ಉಳಿದಿದೆಯಾ ಅಂತ ತಡವಿದ್ರು. ಎಲೆ ಮೇಲಿನ ಬೂದಿ ಮುಟ್ಟಿ ಮೂಸಿದ್ರು. ಎದ್ದು ಕೈ ಕೊಡವಿಕೊಂಡು, "ಮೀಸ್ಲು ಬಳ್ಳೀಲಿ ಕೊಳೀಬಾರ್ದು. ಗಾಡಿ ತತ್ತೀನಿ" ಅಂದ್ರು. ಊಟದ ಮಾತೇ ಎತ್ತಲಿಲ್ಲ.

ಮುಂದಿನ ಸೋಮವಾರಕ್ಕೆ ಬೆಟ್ಟ ಸೇರೋ ಹಂಗೆ ಕೌದಳ್ಳಿ ದಾಟಿ ತಾಳಬೆಟ್ಟದವರೆಗೆ ಗಾಡೀಲಿ ಹೋದ್ವಿ. ಅಲ್ಲಿಂದ ಮೇಲಕ್ಕೆ ನಡಿಗೆ. ಮಿಕ್ಕಿದ್ದೆಲ್ಲ ಒಂದು ಮೂಟೆ ಆಯ್ತು, ಹದಿನಾಲ್ಕು ಕುಂಬಳಕಾಯಿ ಹೊರೋದು ಹೆಂಗೆ ಅಂತ ನಾನು ಯೋಚನೇಲಿದ್ದೆ. ದಾರ ಕಂಡು, ಬೆಟ್ಟಕ್ಕೆ ಹೊರಟಿದ್ದ ಪರಸೆಯೋರು ಕೇಳದೇನೇ ತಲೆಗೊಂದು ಎತ್ತಿಕೊಂಡು "ಉಘೇ ಮಾದಪ್ಪ" ಅಂತ ಹತ್ತಿಬಿಟ್ರು. ನಮ್ಮ ತೋಟ ಹಂಗೇ ಸಾಲಾಗಿ ಬೆಟ್ಟ ಹತ್ತೋದನ್ನ ನೋಡ್ತಾ ಇವರು ನಡೆಯೋದನ್ನೇ ಮರೆತಿದ್ರು.

ಒಪ್ಪಿಸಿ, ದಾರ ಬಿಚ್ಚಿಸಿ, ಅಲ್ಲೇ ಮೂರು ಗುಂಡುಕಲ್ಲಿನ ಒಲೆ ಹೂಡಿ ಬಂದೋರಿಗೆಲ್ಲ ಅಡಿಗೆ ಮಾಡಿದ್ವಿ. ಬಾವ ನೀರು ಹೊತ್ರು, ಸೌದೆ ಒಡೆದ್ರು, ಎಲೆ ಹಾಕಿದ್ರು. ಮಗಳ ಮದುವೇಲಿ ಮಾಡಿದಂಗೇ. ಒಂದು ಪಂಕ್ತಿ ಎದ್ದಿತು, ಎರಡು ಎದ್ದಿತು, ಮೂರೂ ಎದ್ದಿತು. ಬಾವ ಕೂರಲಿಲ್ಲ. ನಮ್ಮೆಜಮಾನ್ರು ಪ್ರತೀ ಸಲ ಸಾಲಿನ ಈ ತುದಿಯಿಂದ ಆ ತುದಿವರೆಗೆ ಮುಖ ಹುಡುಕ್ತಿದ್ರು. ನಾನು ಅನ್ನ ಬಸಿಯೋ ನೆಪದಲ್ಲಿ ಕಣ್ಣೊರೆಸ್ಕೊಂಡೆ.

ಕೊನೇ ಪಂಕ್ತಿಗೆ ಎಲೆ ಹಾಕಿ ಮುಗಿಸಿ, ಬಾವ ಕೈ ತೊಳಕೊಂಡ್ರು. ಟವೆಲ್ಲು ಹೆಗಲಿಗೆ ಹಾಕಿದ್ರು. ಹೊರಟೇಬಿಟ್ರು ಅಂದ್ಕೊಂಡೆ. ಆ ಟವೆಲ್ಲನ್ನ ಮತ್ತೆ ತೆಗೆದು, ನೆಲಕ್ಕೆ ಹಾಸಿ, ಸಾಲಿನ ಕೊನೇಲಿ ಕಾಲು ಮಡಿಸಿ ಕೂತ್ರು.

ಇವರು ಕುಂಬಳಕಾಯಿ ಹುಳಿ ಹಿಡಕೊಂಡು ಮುಂದೆ ನಿಂತೋರು ಸೌಟು ಎತ್ತದೆ ಅಣ್ಣನ ಮುಖಾನೇ ನೋಡ್ತಿದ್ರು.

"ಯಾಕ್ಲಾ ನಿಂತ್ಬುಟ್ಟೆ? ನೀನೇ ಬೆಳ್ದೆ, ನೀನೇ ಇಕ್ತಾ ಇದ್ದೀಯೆ. ನಾನಾಡಿದ್ದು ಇಷ್ಟೇ ಅಲ್ವಾ? ಇಕ್ಕು."

ಇಕ್ಕಿದ್ರು. ಬಾವ ಮೊದಲ ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿ, ಇನ್ನೊಂದು ಸೌಟು ಹಾಕಿಸ್ಕೊಂಡ್ರು. ಮೂರನೇದಕ್ಕೂ ಎಲೆ ಮುಂದೆ ತಳ್ಳಿದ್ರು. ಇವರು ಬಡಿಸೋದು ಬಿಟ್ಟು ಅಣ್ಣನ ಎದುರಿಗೇ ಕುಕ್ಕರಗಾಲಲ್ಲಿ ಕೂತು ಅಳ್ತಿದ್ರು, ಮೂವತ್ತು ಜನದ ಮುಂದೆ, ನಾಚಿಕೆ ಇಲ್ಲದೆ. ನಾನೂ ಬಿಟ್ಟುಬಿಟ್ಟೆ, ಅಳಲಿ ಅಂತ.

ಬಾವ ಎಲೆ ಮಡಿಸಿ, ನನ್ನ ಕಡೆ ತಿರುಗಿ ಅಂದ್ರು. "ತಾಯೀ, ಬರೋ ಸ್ವಾಮಾರ ನಿಮ್ಮಟ್ಟೀಗೆ ಉಣ್ಣಾಕೆ ಬತ್ತೀನಿ. ಅಲ್ಲೀಗಂಟ ಇವ್ನ ಕೈಗೆ ಅರಿಸಿನ ಕೊಡ್ಬ್ಯಾಡ."