ಏಲಂ ಕೂಗುವವರಿಗೆ ಕತ್ತೆ ಹಾಲು

ನನ್ನ ಗಂಡ ಗಣಪ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುವವರು. ಇಪ್ಪತ್ತಾರು ವರ್ಷಗಳಿಂದ ಆ ಸ್ವರವನ್ನು ಸಹಿಸಿದ್ದೇನೆ. ಊಟಕ್ಕೆ ಕುಳಿತು ಉಪ್ಪು ಕೇಳುವುದೂ ಏಲಂ ಕೂಗಿದ ಹಾಗೆಯೇ. ಮಳೆಗಾಲದ ರಜೆ ಮುಗಿದು ಬೋಟುಗಳು ಮೊದಲ ಮೀನು ತರಲು ನಾಲ್ಕೇ ದಿನ ಇರುವಾಗ ಆ ಸ್ವರ ಪೂರ್ತಿ ಕಟ್ಟಿಹೋಯಿತು.

ಮೊದಲ ದಿನ, ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ಮರುದಿನ ಬೋಟಿನವರು ಫೋನ್ ಮಾಡಿ, "ಗಣಪಣ್ಣನಿಗೆ ಆಗದಿದ್ದರೆ ಇನ್ನು ಮುಂದೆ ಕಲ್ಯಾಣಪುರದ ರೂಪೇಶನೇ ಕೂಗಲಿ" ಎಂದರು. ಇವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ದಿನಾ ಬೈಯುವವಳು ನಾನು, ಆದರೆ ಆಗ ಇವರಿಗೆ ಬೈಯಲೂ ಮನಸ್ಸು ಬರಲಿಲ್ಲ. ಮಣಿಪಾಲದ ಡಾಕ್ಟರು ಕೊಟ್ಟ ಮಾತ್ರೆಯ ಮೇಲೆ ಇವರಿಗೆ ನಂಬಿಕೆ ಇಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತೋರಿಸಿದರು: "ಕತ್ತೆ ಹಾಲು ಬೇಕು. ಸಣ್ಣದಿರುವಾಗ ಅಮ್ಮ ಕುಡಿಸಿದ್ದಕ್ಕೇ ನನಗೆ ಈ ಸ್ವರ."

ಕತ್ತೆ ಹೊಡೆದುಕೊಂಡು ಬಂದು ಚಮಚದ ಲೆಕ್ಕದಲ್ಲಿ ಹಾಲು ಮಾರುವವನನ್ನು ಹುಡುಕಿ ಕಾಪು ಪೇಟೆಯೆಲ್ಲ ಸುತ್ತಿದೆ. ಆ ಪುಣ್ಯಾತ್ಮ ಹಿಂದಿನ ದಿನವೇ ಕಾರ್ಕಳದ ಕಡೆ ಹೋಗಿದ್ದನಂತೆ. ಬರಿಗೈಯಲ್ಲಿ ಮನೆಗೆ ಹೋಗಲು ಕಾಲು ಬರಲಿಲ್ಲ. ಪಕ್ಕದ ಮನೆಯ ಸಿಸಿಲಿಯಾ ಬಾಯಿಯ ಆಡಿನ ಹಾಲು ಒಂದು ಲೋಟ ಬೇಡಿ ತಂದು, "ತಕ್ಕೊಳ್ಳಿ, ಕತ್ತೆದು" ಎಂದೆ. ಇವರು ಒಂದು ಗುಟುಕು ಕುಡಿದು ನನ್ನನ್ನೇ ನೋಡಿದರು. ಆಮೇಲೆ ಲೋಟ ಖಾಲಿ ಮಾಡಿದರು. ಮರುದಿನವೂ ಹಾಗೆಯೇ.

ಏಲಂನ ಬೆಳಿಗ್ಗೆ ಸ್ವರ ಬಂತು. ಬಂತೆಂದರೆ ಎಂತ ಬರುವುದು! ಬಂಗುಡೆ ರಾಶಿಯ ಪಕ್ಕ ನಿಂತು ಕೂಗಿದ್ದು ಬೋಟು ನಿಲ್ಲುವ ದಕ್ಕೆಯ ಆ ತುದಿಗೂ ಕೇಳಿತಂತೆ. ಅಷ್ಟಕ್ಕೆ ಸುಮ್ಮನಿರಬಾರದೇ? "ಎಲ್ಲಾ ನನ್ನ ಹೆಂಡತಿ ತಂದ ಕತ್ತೆ ಹಾಲಿನ ಮಹಿಮೆ!" ಎಂದು ಊರಿಗೆಲ್ಲ ಸಾರಿದರು.

ಸಂಜೆ ಸಿಸಿಲಿಯಾ ಬಾಯಿ ಆಡನ್ನು ಎಳೆದುಕೊಂಡೇ ನಮ್ಮ ಅಂಗಳಕ್ಕೆ ಬಂದಳು. "ಗಣಪಣ್ಣ, ಹಾಲು ನನ್ನ ಆಡಿನದ್ದು, ಹೆಸರು ಕತ್ತೆಗಾ? ಇದು ಕತ್ತೆಯಾ? ಸರಿಯಾಗಿ ನೋಡಿ ಹೇಳಿ!"

ನಿಜ ತಿಳಿದು ಇವರ ಸ್ವರ ಮತ್ತೆ ಕಟ್ಟಿಹೋದರೆ?

ಇವರು ಆಡಿನ ಬೆನ್ನು ಸವರಿದರು. "ಮೊದಲ ಗುಟುಕಿಗೇ ಗೊತ್ತಾಗಿತ್ತು ಮಾರಾಯ್ತಿ. ಆಡಿನ ವಾಸನೆ ಅಡಗುತ್ತದಾ?"

"ಮತ್ತೆ ಕತ್ತೆ ಕತ್ತೆ ಎಂದು ಬೊಬ್ಬೆ ಹೊಡೆದದ್ದು ಎಂತಕ್ಕೆ?" ಎಂದೆ.

"ನೀನು ಕತ್ತೆ ಎಂದ ಮೇಲೆ ಕತ್ತೆಯೇ, ಅಲ್ವಾ?"

"ಗೊತ್ತಿದ್ದೂ ಕುಡಿದಿರಾ?"

ಇವರ ಸ್ವರ ಸಣ್ಣದಾಯಿತು. "ಅಷ್ಟು ದಿನ ನೀನು ನನಗೆ ಒಂದು ಮಾತೂ ಬೈಯಲಿಲ್ಲ ವಾರಿಜಾ. ನನಗೆ ಹೆದರಿಕೆಯಾಯಿತು, ಅದಕ್ಕೇ ನೀನು ಕೊಟ್ಟದ್ದನ್ನು ಕುಡಿದೆ."

ನನಗೆ ಅಳು ಒತ್ತಿ ಬಂತು. ಸಿಸಿಲಿಯಾ ಬಾಯಿಯ ಎದುರು ಅಳುವುದುಂಟಾ?

"ಕುಡಿದ ಲೋಟ ತೊಳೆದಿಡಲಿಕ್ಕೆ ಎಂತ ಧಾಡಿ ನಿಮಗೆ?" ಎಂದು ಅಬ್ಬರಿಸಿದೆ.

ಇವರು ನಗುತ್ತ ಒಳಗೆ ಹೋಗಿ ಲೋಟ ತೊಳೆದರು.