ಬಾಯಿಗೆ ಬಿಡದ ನೀರು

"ಬೇಡ" ಎನ್ನುತ್ತ ಪುಷ್ಪಾವತಿ ಗ್ಲಾಸನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿದಳು. ತುಳುಕಿದ ನೀರು ಮೆಟ್ಟಿಲ ಮೇಲೆ ಚೆಲ್ಲಿತು.

"ಕುಡೀರಿ ಅಕ್ಕಾರ, ಎಷ್ಟ್ ಬಿಸಲಾಗ ಬಂದೀರಿ. ಸಾವಿನ ಮನೀದಲ್ರಿ ಇದು, ನಮ್ಮ ಮನೀ ನೀರು" ಎಂದಳು ಪಕ್ಕದ ಫ್ಲ್ಯಾಟಿನ ಚಂದವ್ವ.

"ಟ್ಯಾಂಕ್ ಒಂದೇ ಅಲ್ವಾ? ಈ ಬಿಲ್ಡಿಂಗಿನ ನೀರೇ ನನಗೆ ಬೇಡ."

ಪುಷ್ಪಾವತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಉಳಿದ ಮೆಟ್ಟಿಲು ಹತ್ತಿದಳು. ಡೊಂಬಿವಲಿಯ ಆ ಹಳೆಯ ಸೊಸೈಟಿಯ ಲಿಫ್ಟಿನಲ್ಲಿ ಹುಡುಗರು ಬಿದಿರು, ಹೂವು, ಮಡಕೆ ತುಂಬಿಕೊಂಡು ಓಡಾಡುತ್ತಿದ್ದರು. ಮೇ ತಿಂಗಳ ಸೆಕೆಗೆ ಕೆಮಿಕಲ್ ಕಾರ್ಖಾನೆಗಳ ಕಡೆಯ ವಾಸನೆಯೂ ಸೇರಿತ್ತು. ಥಾಣೆಯಿಂದ ಹೊರಡುವ ಮೊದಲು ಮನೆಯಲ್ಲಿ ಕುಡಿದ ಒಂದು ಲೋಟ ನೀರು ಎಂದೋ ಬೆವರಾಗಿ ಹೋಗಿತ್ತು.

ಮೂರನೇ ಮಹಡಿಯ ಹಾಲಿನಲ್ಲಿ ಅಣ್ಣ ಕಿಟ್ಟಣ್ಣ ಮಲಗಿದ್ದ. ತಲೆಯ ಹತ್ತಿರ ದೀಪ, ಮೂಗಿಗೆ ಹತ್ತಿ, ಎರಡು ಕಿವಿಗೂ ಹತ್ತಿ. ಪುಷ್ಪಾವತಿ ಮೊದಲು ನೋಡಿದ್ದು ಆ ಕಿವಿಗಳನ್ನು. ಈಗ ನಿನಗೂ ಏನೂ ಕೇಳಿಸುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹಾಗೆ ಅಂದುಕೊಂಡಾಗ ಅವಳಿಗೆ ನಿಜವಾಗಿಯೂ ಸುಖವಾಯಿತು.

ಬೆಳಿಗ್ಗೆ ಸುದ್ದಿ ಬಂದಾಗಲೂ ಅಷ್ಟೆ. ಅಳು ಬರಲಿಲ್ಲ, ಒಂದು ಬಗೆಯ ಚುರುಕು ಬಂತು. ಬೀರುವಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ಹೋಗದೆ ಮನೆಯಲ್ಲೇ ಕೂರಬಹುದಿತ್ತು. ಆದರೆ ಹೋಗದಿದ್ದರೆ ಅವಳು ನೀರು ಬಿಡಲಿಲ್ಲ ಎನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ನಾಲ್ಕು ಜನರ ಎದುರೇ ಆಗಬೇಕು. ಹೆಣ ಎತ್ತುವ ಮುಂಚೆ ಮನೆಯವರು, ರಕ್ತಸಂಬಂಧಿಗಳೆಲ್ಲ ಒಬ್ಬೊಬ್ಬರಾಗಿ ತುಳಸಿ ಎಲೆಯಿಂದ ಸತ್ತವರ ಬಾಯಿಗೆ ನೀರು ಬಿಡಬೇಕು. ಒಡಹುಟ್ಟಿದವಳೇ ಬಿಡದಿದ್ದರೆ ಆ ಬಾಯಾರಿಕೆ ಸತ್ತವನ ಜೊತೆಗೇ ಹೋಗುತ್ತದೆ ಎಂದು ಅವರ ಕಡೆಯ ನಂಬಿಕೆ. ಹೋಗಲಿ ಎಂದೇ ಅವಳು ಬಂದಿದ್ದಳು.

ಅತ್ತಿಗೆ ವಿನೋದಾ ಅತ್ತು ಅತ್ತು ಊದಿದ ಕಣ್ಣುಗಳಿಂದ ಅವಳನ್ನು ನೋಡಿದಳು. "ಬಂದೆಯಲ್ಲ ಪುಷ್ಪಾ, ಅಷ್ಟೇ ಸಾಕು ನನಗೆ."

"ಅಷ್ಟಕ್ಕೇ ಬಂದದ್ದಲ್ಲ ಅತ್ತಿಗೆ" ಎಂದು ಪುಷ್ಪಾವತಿ ಗೋಡೆಗೆ ಒರಗಿ ಕುಳಿತಳು.

ಸತ್ತವರನ್ನು ಹೊಗಳುವವರಿಗೆ ಡೊಂಬಿವಲಿಯಲ್ಲಿ ಬರವಿಲ್ಲ. ಕನ್ನಡ ಸಂಘದ ಕಾರ್ಯದರ್ಶಿ ಯೋಗೀಶ್ ಬಾಗಿಲ ಹತ್ತಿರ ನಿಂತು ಸಭೆಯ ಧ್ವನಿಯಲ್ಲೇ ಶುರುಮಾಡಿದ್ದ.

"ಆ ಕಾಲದಲ್ಲಿ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂತು ಕಿಟ್ಟಣ್ಣ ಎಷ್ಟು ಜನರಿಗೆ ಬುದ್ಧಿ ಹೇಳಿದ್ರು, ಲೆಕ್ಕ ಉಂಟಾ? ಮದುವೆ, ಪಾಲು, ರೂಮು ತೆಗೊಳ್ಳೋದು, ಎಲ್ಲದಕ್ಕೂ ಅವರೇ ಬೇಕಿತ್ತು. ಆಮೇಲೆ ನೋಡಿ, ಒಂದು ದಿನದಿಂದ ಮಾತೇ ನಿಲ್ಲಿಸಿಬಿಟ್ರು. ಯಾರು ಏನು ಕೇಳಿದ್ರೂ, ನನಗೆ ಗೊತ್ತಿಲ್ಲಪ್ಪ ಅಂತ. ಅದು ಜ್ಞಾನಿಗಳ ಲಕ್ಷಣ. ಸಾಧನೆ ಇಲ್ಲದೆ ಹಾಗೆ ಆಗ್ಲಿಕ್ಕೆ ಸಾಧ್ಯ ಇಲ್ಲ."

"ಖರೇ ಐತ್ರಿ" ಎಂದಳು ಆಗ ತಾನೇ ಒಳಗೆ ಬಂದ ಚಂದವ್ವ. "ನಮ್ಮ ಮಲ್ಲಿಕಾ ಗಂಡನ್ ಬಿಟ್ಟು ಬಂದು ಕುಂತಾಗ ನಾ ಇವರ ಹಂತ್ಯಾಕ ಬಂದಿದ್ದೆ. ತಿರಗಿ ಕಳಸಲೇನ್ರಿ ಅಣ್ಣಾರ ಅಂದೆ. ನನ್ನನ್ನ ಯಾಕ ಕೇಳ್ತಿ ತಂಗಿ, ಆಕಿನ್ನ ಕೇಳು, ಆಕಿ ಏನಂತಾಳ ಅದನ್ನ ಕೂತು ಕೇಳು ಅಂದ್ರು. ಅಷ್ಟ ನೋಡ್ರಿ. ಆ ಮಾತಿಂದ ನನ್ನ ಮಗಳು ಉಳಕೊಂಡ್ಲು."

ಪುಷ್ಪಾವತಿಯ ಕಿವಿಯೊಳಗೆ ಏನೋ ಕುದಿಯತೊಡಗಿತು. ಆಕಿನ್ನ ಕೇಳು! ಎಷ್ಟು ಸುಲಭದ ಮಾತು. ಒಬ್ಬರ ಮಗಳಿಗೆ ಸಿಕ್ಕಿತು, ಅವಳ ಮಗಳಿಗೆ ಸಿಗಲಿಲ್ಲ.

"ಆ ಬುದ್ಧಿ ಅವನಿಗೆ ಎಲ್ಲಿಂದ ಬಂತು ಗೊತ್ತುಂಟಾ?" ಅವಳು ಕುಳಿತಲ್ಲಿಂದಲೇ ಕೇಳಿದಳು. ಮಾತು ಜೋರಾಗಿಯೇ ಬಂತು. "ಸಾಧನೆ ಅಂತೆ! ನನ್ನ ಮಗಳ ಎಡಗಿವಿಯಿಂದ ಬಂದದ್ದು ಅದು. ಅವಳ ಕಿವಿ ಹೋಯ್ತು, ಇವನಿಗೆ ಬುದ್ಧಿ ಬಂತು. ನನ್ನ ಮಗುವಿನ ಮೇಲೆ ಕಲಿ ಅಂತ ಇವನಿಗೆ ಯಾರು ಹೇಳಿದ್ದು?"

"ಇವತ್ತು ಬೇಡ ಪುಷ್ಪಾ" ಎಂದಳು ವಿನೋದಾ.

"ಇವತ್ತೇ ಬೇಕು. ನಾಳೆ ಇವನು ಇರುವುದಿಲ್ಲ."

*

ಹದಿನಾರು ವರ್ಷದ ಹಿಂದೆ, ಮದುವೆಯಾಗಿ ಇನ್ನೂ ವರ್ಷ ತುಂಬಿರದ ಅಶ್ಮಿತಾ ಐರೋಲಿಯ ಗಂಡನ ಮನೆಯಿಂದ ಒಂದು ಬ್ಯಾಗ್ ಹಿಡಿದು ತಾಯಿಯ ಬಾಗಿಲಲ್ಲಿ ನಿಂತಿದ್ದಳು. ಪುಷ್ಪಾವತಿ ಗಂಡನನ್ನು ಕಳೆದುಕೊಂಡವಳು. ಅವರಲ್ಲಿ ಹೆಣ್ಣುಮಗಳ ಮದುವೆಗೂ ಸೋದರಮಾವನ ಮಾತು ಬೇಕು, ಮದುವೆ ಮುರಿಯುವುದಕ್ಕೂ ಬೇಕು. ಹಾಗಾಗಿ ಅವಳು ಮಗಳನ್ನು ಕರೆದುಕೊಂಡು ನೇರವಾಗಿ ಅಣ್ಣನ ಹೋಟೆಲಿಗೆ ಹೋದಳು. ಬ್ಯಾಗನ್ನೂ ಜೊತೆಗೇ ಒಯ್ದಳು.

ಊಟದ ಹೊತ್ತು, ಗಿರಾಕಿಗಳು ತುಂಬಿದ್ದರು. ಕಿಟ್ಟಣ್ಣ ಗಲ್ಲಾದಲ್ಲಿ ಕುಳಿತೇ ತಂಗಿ ಹೇಳಿದ್ದನ್ನೆಲ್ಲ ಕೇಳಿದ. ಸೋದರಸೊಸೆಗೊಂದು ಮಸಾಲೆದೋಸೆ ಹೇಳಿದ.

"ಗಂಡ ಒಂದು ಸಲ ಕೈ ಎತ್ತಿದ ಅಂತ ಎಲ್ಲರೂ ಬ್ಯಾಗ್ ಹಿಡಿದು ಹೊರಟರೆ ಈ ಡೊಂಬಿವಲಿಯಲ್ಲಿ ಒಂದು ಸಂಸಾರವೂ ಉಳಿಯುವುದಿಲ್ಲ ಮಗಾ" ಎಂದ. ಅವನ ಮಾತಿನಲ್ಲಿ ಪ್ರೀತಿ ಇತ್ತು. ಅದೇ ತಾಪತ್ರಯ, ಅವನು ಎಲ್ಲವನ್ನೂ ಪ್ರೀತಿಯಿಂದಲೇ ಹೇಳುತ್ತಿದ್ದ. "ಸ್ವಲ್ಪ ತಾಳಿಕೊ. ಇಬ್ಬರೂ ಸಣ್ಣವರು. ಬುದ್ಧಿ ತನ್ನಷ್ಟಕ್ಕೇ ಬರ್ತದೆ."

ಅಶ್ಮಿತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಿಲ್ಲು ಚಾಚಿದ, ಕಿಟ್ಟಣ್ಣ ಚಿಲ್ಲರೆ ಹುಡುಕತೊಡಗಿದ. ದೋಸೆ ಹಾಗೆಯೇ ತಣ್ಣಗಾಯಿತು. ಪುಷ್ಪಾವತಿ ಅದನ್ನು ಪಾರ್ಸಲ್ ಮಾಡಿಸಿದಳು, ಮಗಳ ಬ್ಯಾಗಿನಲ್ಲಿ ಬಟ್ಟೆ ಸರಿಸಿ ಜಾಗ ಮಾಡಿ ಒಳಗಿಟ್ಟಳು, ಜಿಪ್ ಎಳೆದಳು. ಅಣ್ಣ ಹೇಳಿದ ಮೇಲೆ ಮುಗಿಯಿತು. ಐರೋಲಿಯ ಬಸ್ಸಿಗೆ ಹತ್ತಿಸುವಾಗ, "ಮಾವ ಹೇಳಿದ್ದು ನೆನಪಿರಲಿ" ಎಂದಳು.

ತಿಂಗಳು ತುಂಬುವುದರೊಳಗೆ ಆಸ್ಪತ್ರೆಯಿಂದ ಫೋನ್ ಬಂತು. ಗಂಡನ ಒಂದೇ ಏಟಿಗೆ ಕಿವಿಯ ಪರದೆ ಹರಿದಿತ್ತು. ಆಮೇಲೆ ಕೀವಾಗಿ, ಆಪರೇಷನ್ ಆಗಿ, ಕೊನೆಗೆ ಎಡಗಿವಿ ಪೂರ್ತಿ ಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಿಟ್ಟಣ್ಣ ಹೋಟೆಲಿನ ಅಂಗಿಯಲ್ಲೇ ಓಡಿ ಬಂದಾಗ ಪುಷ್ಪಾವತಿ ಅವನ ಎದೆಗೆ ಕೈಯಿಟ್ಟು ತಡೆದಳು.

"ಇನ್ನು ನಿನ್ನ ಮನೆಯ ನೀರು ಮುಟ್ಟುವುದಿಲ್ಲ. ನೀನು ಸತ್ತರೆ ನಿನ್ನ ಬಾಯಿಗೆ ನೀರೂ ಬಿಡುವುದಿಲ್ಲ. ಕೇಳಿತಾ?"

ಕೇಳಿತು ಎಂದು ಅವನು ತಲೆಯಾಡಿಸಿದ.

*

ಕಿಟ್ಟಣ್ಣನ ಮಗ ಹಿತೇಶ್ ತಾಮ್ರದ ಚೊಂಬನ್ನು ತಂದೆಯ ತಲೆಯ ಹತ್ತಿರ ಇಟ್ಟ. ವಿನೋದಾ ನೀರು ಬಿಟ್ಟಳು, ಹಿತೇಶ್ ಬಿಟ್ಟ. ಆಮೇಲೆ ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಪುಷ್ಪಾವತಿಯ ಎದುರು ಮಂಡಿಯೂರಿದ.

"ಅತ್ತೆ, ಪ್ಲೀಸ್. ಪಪ್ಪಾ ಆಖರಿ ತಕ್ ಆಪ್‌ಕಾ ಹೀ ನಾಮ್ ಲೇ ರಹೇ ಥೇ. ಕೊನೇವರೆಗೂ ನಿಮ್ಮ ಹೆಸರೇ."

ಹಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಅವಳು ಮನಸ್ಸಿನಲ್ಲೇ ಎಷ್ಟೋ ಸಲ ನಡೆಸಿ ನೋಡಿದ ಗಳಿಗೆ ಇದು. ಗಂಟಲು ಒಣಗಿ ಮರಳಾಗಿತ್ತು, ಆದರೂ ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ತೆಗೊಂಡು ಹೋಗು."

ಯಾರೋ ಮುದುಕಿ ಲೊಚಗುಟ್ಟಿದಳು. ವಿನೋದಾಳ ಅಳು ಒಮ್ಮೆಗೇ ಏರಿತು. ಪುಷ್ಪಾವತಿ ಕಣ್ಣು ತಗ್ಗಿಸಲಿಲ್ಲ. ಅಳಲಿ, ತಾನೂ ಆ ಕಾರಿಡಾರಿನಲ್ಲಿ ಹೀಗೆಯೇ ಅತ್ತಿರಲಿಲ್ಲವೇ.

ಆಗ ಅಶ್ಮಿತಾ ಬಂದಳು. ಬೇಲಾಪುರದ ಆಫೀಸಿನಿಂದ ನೇರವಾಗಿ ಬಂದಿದ್ದಳು, ಕೊರಳಲ್ಲಿ ಇನ್ನೂ ಐಡಿ ಕಾರ್ಡು ನೇತಾಡುತ್ತಿತ್ತು. ಪುಷ್ಪಾವತಿಗೆ ಬಲ ಬಂದಂತಾಯಿತು. ಈಗ ಎಲ್ಲರೂ ಆ ಕಿವಿಯನ್ನು ನೋಡಲಿ. ಮಗಳು ಬಂದು ತನ್ನ ಪಕ್ಕದಲ್ಲಿ ಕೂರುತ್ತಾಳೆಂದು ಸ್ವಲ್ಪ ಸರಿದು ಜಾಗ ಮಾಡಿದಳು.

ಅಶ್ಮಿತಾ ಆ ಜಾಗಕ್ಕೆ ಬರಲಿಲ್ಲ. ಚಪ್ಪಲಿ ಬಿಟ್ಟವಳೇ ಒಳಗಿನ ಬಾತ್‌ರೂಮಿಗೆ ಹೋಗಿ ಕಾಲು ತೊಳೆದು ಬಂದಳು. ಆ ಮನೆಯಲ್ಲಿ ಬಾತ್‌ರೂಮು ಯಾವ ಕಡೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಮಾವನ ಪಕ್ಕದಲ್ಲಿ ಕುಳಿತು, ಹಿತೇಶನ ಕೈಯಿಂದ ಚೊಂಬು ತೆಗೆದುಕೊಂಡು, ತುಳಸಿ ಎಲೆಯಿಂದ ನಿಧಾನವಾಗಿ ನೀರು ಬಿಟ್ಟಳು. ಒಂದು ಹನಿ ತುಟಿಯಿಂದ ಗದ್ದಕ್ಕೆ ಇಳಿಯಿತು, ಅದನ್ನು ಬೆರಳಿನಿಂದ ಒರೆಸಿದಳು.

ಪುಷ್ಪಾವತಿ ಎದ್ದು ಬಂದು ಮಗಳ ರಟ್ಟೆ ಹಿಡಿದು ಅಡುಗೆಮನೆಯ ಆಚೆಯ ಬಾಲ್ಕನಿಗೆ ಎಳೆದುಕೊಂಡು ಹೋದಳು.

"ನಿನಗೆ ಬುದ್ಧಿ ಉಂಟಾ? ಯಾರಿಗೋಸ್ಕರ ನಾನು ಇದನ್ನೆಲ್ಲ ಮಾಡಿದ್ದು?"

ಮನೆಯಲ್ಲಿ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲೇ ಉತ್ತರಿಸುವ ಅಶ್ಮಿತಾ ಈಗ ಕನ್ನಡದಲ್ಲಿ ಮಾತಾಡಿದಳು. ತಡವರಿಸದ ಕನ್ನಡ.

"ನಾನು ಇಲ್ಲಿಗೆ ಬರ್ತಾ ಇದ್ದೆ ಅಮ್ಮ. ಶನಿವಾರ ಆಫೀಸ್ ಉಂಟು ಅಂತ ಹೇಳ್ತಿದ್ದೆನಲ್ಲ, ಆಗ ಇಲ್ಲಿಗೆ. ಎಷ್ಟೋ ವರ್ಷದಿಂದ."

"ಇವನ ಮನೆಗೆ?"

"ಮಾವ ಯಾವಾಗಲೂ ನನ್ನ ಬಲಗಡೆ ಕೂರ್ತಿದ್ರು. ಮೊದಲ ದಿನವೇ ಹೇಳಿದ್ರು, ನನ್ನಿಂದ ನಿನ್ನ ಕಿವಿ ಹೋಯ್ತು ಮಗಾ, ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ ಅಂತ. ಅತ್ತುಬಿಟ್ರು. ಆಮೇಲೆ, ಆ ದಿನ ಏನು ಹೇಳ್ಲಿಕ್ಕೆ ಹೊರಟಿದ್ದೆ, ಈಗ ಹೇಳು ಅಂದ್ರು. ನಾನು ಹೇಳಿದೆ. ಎಲ್ಲ ಹೇಳಿದೆ."

"ಎಂತ ಹೇಳಿದೆ? ನನಗೆ ಹೇಳದೇ ಇದ್ದದ್ದು ಎಂತ ಉಂಟು?"

"ನೀನು ಕೇಳಿದ್ಯಾ?"

ಕೆಳಗೆ ಶವವಾಹನ ರಿವರ್ಸ್ ತೆಗೆಯುವ ಬೀಪ್ ಬೀಪ್ ಸದ್ದು ಬರುತ್ತಿತ್ತು. ಪುಷ್ಪಾವತಿ ಏನೋ ಹೇಳಹೊರಟಳು. ಅಶ್ಮಿತಾ ಬಿಡಲಿಲ್ಲ.

"ಹದಿನಾರು ವರ್ಷ ನೀನು ಮಾವನನ್ನು ಬೈತಾ ಬಂದೆ. ನಾನು ಕಾಯ್ತಾ ಇದ್ದೆ, ಇವತ್ತಾದರೂ ಅಮ್ಮ ಹೇಳ್ತಾಳೆ ಅಂತ. ಬಾಯಲ್ಲಿ ಹೇಳಿದ್ದು ಮಾವ. ಬ್ಯಾಗಿನ ಜಿಪ್ ಎಳೆದದ್ದು ಯಾರು? ಬಸ್ಸಿಗೆ ಹತ್ತಿಸಿದ್ದು ಯಾರು?"

"ಅಶ್ಮಿತಾ, ನಾನು ತಾಯಿ..."

"ಹೌದು. ನಾಳೆ ನಿನ್ನ ಬಾಯಿಗೆ ನೀರು ಬಿಡಬೇಕಾದವಳು ನಾನೊಬ್ಬಳೇ." ಅಶ್ಮಿತಾ ಧ್ವನಿ ಏರಿಸಲಿಲ್ಲ. "ಬಿಡ್ತೇನೋ ಇಲ್ವೋ, ನನಗೆ ಇನ್ನೂ ಗೊತ್ತಿಲ್ಲ."

ಅವಳು ಒಳಗೆ ಹೋದಳು. ಚಟ್ಟ ಲಿಫ್ಟಿನಲ್ಲಿ ಹಿಡಿಯುವುದಿಲ್ಲವೆಂದು ಗಂಡಸರು ಮೆಟ್ಟಿಲಲ್ಲೇ ಇಳಿಸುತ್ತಿದ್ದರು. ಪ್ರತಿ ತಿರುವಿನಲ್ಲೂ ಯಾರೋ "ಸಾವಕಾಶ್, ಸಾವಕಾಶ್" ಎನ್ನುತ್ತಿದ್ದರು. ಪುಷ್ಪಾವತಿ ಖಾಲಿಯಾದ ಹಾಲಿಗೆ ಬಂದು ನಿಂತಳು. ಚೊಂಬು ಅಲ್ಲೇ ಇತ್ತು, ಅದರಲ್ಲಿ ಇನ್ನೂ ನೀರಿತ್ತು. ಅವಳ ಶಪಥ ಉಳಿಯಿತು. ಅದನ್ನು ನೋಡಲು ಈಗ ಅಲ್ಲಿ ಯಾರೂ ಇರಲಿಲ್ಲ.

*

ಥಾಣೆ ಕಡೆಯ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಆ ಹೊತ್ತಿನಲ್ಲಿ ಜಾಗ ಇತ್ತು. ಸ್ಮಶಾನಕ್ಕೂ ಹೋಗಿ ಬಂದ ಅಶ್ಮಿತಾಳ ಕೂದಲು ಇನ್ನೂ ಒದ್ದೆಯಾಗಿತ್ತು. ತಾಯಿ ಮಗಳು ಎಲ್ಲಿಗೆ ಹೋದರೂ ಕೂರುವ ಕ್ರಮ ಒಂದೇ. ತಾಯಿ ಬಲಕ್ಕೆ, ಮಗಳು ಎಡಕ್ಕೆ. ಬಸ್ಸಾಗಲಿ, ರಿಕ್ಷಾ ಆಗಲಿ, ಅಶ್ಮಿತಾಳೇ ನೋಡಿಕೊಂಡು, "ಅಮ್ಮ, ತೂ ಇಕಡೇ ಬಸ್" ಎಂದು ತಾಯಿಯನ್ನು ತನ್ನ ಬಲಕ್ಕೆ ಕೂರಿಸುತ್ತಿದ್ದಳು.

ಇವತ್ತು ಅವಳು ಏನೂ ಹೇಳಲಿಲ್ಲ. ಕಿಟಕಿಯನ್ನು ಬಲಕ್ಕೆ ಮಾಡಿಕೊಂಡು ಕುಳಿತುಬಿಟ್ಟಳು. ಪುಷ್ಪಾವತಿಗೆ ಉಳಿದದ್ದು ಅವಳ ಎಡಬದಿ.

ಕೋಪರ್ ಹೋಯಿತು, ದಿವಾ ಹೋಯಿತು. ಪುಷ್ಪಾವತಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮನೆ ಬಿಟ್ಟ ಮೇಲೆ ಒಂದು ಹನಿ ಇಳಿದಿರಲಿಲ್ಲ. ಡೊಂಬಿವಲಿ ಸ್ಟೇಷನ್ನಿನ ನಲ್ಲಿಯ ಹತ್ತಿರ ನಿಲ್ಲಬೇಕೆಂದುಕೊಂಡವಳು ಹಿಂತಿರುಗಿ ನೋಡದ ಮಗಳ ನಡಿಗೆಗೆ ಹೆದರಿ ನಿಂತಿರಲಿಲ್ಲ. ಅಶ್ಮಿತಾಳ ಮಡಿಲಲ್ಲಿ ಆಫೀಸಿನ ಬ್ಯಾಗಿತ್ತು. ಬ್ಯಾಗಿನ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ, ಅರ್ಧ ತುಂಬಿದ್ದು.

"ಮಗಾ, ಸ್ವಲ್ಪ ನೀರು ಕೊಡ್ತೀಯಾ?"

ಗಾಡಿ ಮುಂಬ್ರಾ ಸೇರುತ್ತಿತ್ತು. ಅಶ್ಮಿತಾ ಕಿಟಕಿಯಾಚೆ ಖಾಡಿಯ ಉಪ್ಪುನೀರಿನ ಕಡೆ ನೋಡುತ್ತಿದ್ದಳು. ಎಡಗಿವಿಯ ಹಿಂದಿನ ಆಪರೇಷನ್ನಿನ ಗೆರೆ ತಾಯಿಯ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು.

"ಅಶ್ಮಿತಾ, ನೀರು..."

ಪುಷ್ಪಾವತಿಯ ಕೈ ಬಾಟಲಿಯವರೆಗೆ ಹೋಯಿತು. ಮುಟ್ಟಲು ಧೈರ್ಯ ಸಾಲದೆ ಹಿಂದಕ್ಕೆ ಬಂದು ಸೆರಗಿನೊಳಗೆ ಸೇರಿತು. ಗಾಡಿ ಓಲಾಡಿದಂತೆ ಬಾಟಲಿಯ ನೀರು ಅತ್ತಿಂದಿತ್ತ ಓಲಾಡುತ್ತಿತ್ತು.