ಹಸಿ ತಾರಸಿಯ ಕೆಳಗೆ

ನಾನು ಒಂದು ನೀಲಗಿರಿ ಗಳ. ಕಟ್ಟಡದವರ ಬಾಯಲ್ಲಿ ನನ್ನ ಹೆಸರು ಬರೀ ‘ಪೋಲು’. ಹೊಸದಾಗಿ ಹಾಕಿದ ಕಾಂಕ್ರೀಟ್ ತಾರಸಿ ತನ್ನ ಕಾಲ ಮೇಲೆ ತಾನು ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವುದು ನನ್ನ ಕಸುಬು.

ಚಿಂತಾಮಣಿ ಕಡೆಯ ತೋಪೊಂದರಲ್ಲಿ ಹುಟ್ಟಿದೆ. ಅಲ್ಲಿ ನಮಗೆಲ್ಲ ಒಂದೇ ವಯಸ್ಸು, ಒಂದೇ ಎತ್ತರ. ಒಂದೇ ಬೆಳಿಗ್ಗೆ ಎಲ್ಲರ ಬುಡಕ್ಕೂ ಕೊಡಲಿ ಬಿತ್ತು. ಲಾರಿಯಲ್ಲಿ ಮಲಗಿ ತುಮಕೂರಿನ ಡಿಪೋ ಸೇರಿದಾಗ, ಅದುವರೆಗೆ ನಾನು ನಿಂತು ನೋಡಿದ್ದ ಲೋಕ ಅಡ್ಡಲಾಗಿ ಕಂಡು ನನಗೆ ಬೆರಗಾಯಿತು. ರಂಗಧಾಮಯ್ಯ ಮೇಸ್ತ್ರಿ ಬಂದವನು ಕಲ್ಲಂಗಡಿ ಆರಿಸುವವನ ಹಾಗೆ ಗೆಣ್ಣಿನಿಂದ ತಟ್ಟಿ ನೋಡಿ, ಇದರ ಸೊಂಟ ನೆಟ್ಟಗಿದೆ ಎಂದು ನನ್ನನ್ನು ಎತ್ತಿಸಿದ.

ಅಂದಿನಿಂದ ಎಷ್ಟೋ ಮನೆಗಳ ಒಳಗೆ ನಿಂತಿದ್ದೇನೆ. ಮನೆ ಮಾತ್ರ ನೋಡಿಲ್ಲ. ಬಾಗಿಲು ಕಿಟಕಿ ಕೂರಿಸುವ ಹೊತ್ತಿಗೆ ನಮ್ಮನ್ನು ಬಿಚ್ಚಿ ಸಾಗಿಸಿರುತ್ತಾರೆ. ಸುಣ್ಣದ ವಾಸನೆ ಹೇಗಿರುತ್ತದೋ, ಹೊಸ್ತಿಲು ದಾಟುವಾಗ ಜನ ಯಾಕೆ ಚಪ್ಪಲಿ ಬಿಡುತ್ತಾರೋ, ಎಲ್ಲವನ್ನೂ ಕೂಲಿಯವರ ಮಾತಿನಲ್ಲಿ ಕೇಳಿ ತಿಳಿದದ್ದು.

ಕಾಲೇಜು ರಸ್ತೆಯ ಕಟ್ಟಡದ ಯಜಮಾನ ಪಂಚಾಕ್ಷರಯ್ಯ ಬಟ್ಟೆ ಅಂಗಡಿಯವರು. ಹಳೇ ಮನೆಯೊಂದನ್ನು ಕೊಂಡು, ಕೆಡವಿ, ಹುಡುಗರಿಗೆ ಬಾಡಿಗೆ ಕೋಣೆಗಳನ್ನು ಕಟ್ಟಿಸುತ್ತಿದ್ದರು. ಕಾಲೇಜು ಶುರುವಾಗುವುದರೊಳಗೆ ಕೋಣೆ ತೆರೆಯದಿದ್ದರೆ ಹುಡುಗರು ಬೇರೆ ಕಡೆ ಸೇರಿಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ನೊಣ ಹೊಡೆಯಬೇಕು. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ಕೂಡ ತೆಗೆಯದೆ, ಬೀಗದ ಕೈ ಯಾವಾಗ ಎಂದು ಕೇಳುತ್ತಿದ್ದರು.

“ಕೊಡ್ದೆ ಎಲ್ಲೋಗ್ತೀನಿ ಯಜಮಾನ್ರೇ,” ಎನ್ನುತ್ತಿದ್ದ ಮೇಸ್ತ್ರಿ.

ಎಲ್ಲಿಗೆ ಹೋಗುತ್ತಿದ್ದ ಎಂಬುದು ನಮಗೆ ಗೊತ್ತಿತ್ತು. ಅವನು ಮೂರು ಕಡೆ ಕೆಲಸ ಒಪ್ಪಿಕೊಂಡಿದ್ದ. ಗಳಗಳಿದ್ದದ್ದು ಎರಡು ಕಡೆಗೆ ಆಗುವಷ್ಟು. ಯಾರ ಫೋನು ಹೆಚ್ಚು ಜೋರಾಗಿ ಬೈಯುತ್ತದೋ ಅಲ್ಲಿಗೆ ನಮ್ಮನ್ನು ಹೊರಿಸುತ್ತಿದ್ದ. ಹಾಗೆ ಅಲೆಸಿ ಕಾಲೇಜು ರಸ್ತೆಯ ತಾರಸಿಯನ್ನು ಹಾಕಬೇಕಾದ ಹೊತ್ತಿಗಿಂತ ಬಹಳ ತಡವಾಗಿ ಹಾಕಿದ.

ಕಾಂಕ್ರೀಟು ಗಟ್ಟಿಯಾಗಲೆಂದು ಆ ತಾರಸಿಯ ಮೇಲೆ ನೀರು ಕಟ್ಟುವ ಕೆಲಸ ಹುಲಿಗೆಮ್ಮನದು. ಲಿಂಗಸುಗೂರು ಕಡೆಯವಳು, ಅವಳ ಜೊತೆ ಅದೇ ಊರಿನ ಇನ್ನಿಬ್ಬರು ಹೆಂಗಸರು. ಮೂವರಿಗೂ ಎದೆಹಾಲಿನ ಕೂಸುಗಳು. ಇರಲು ಬೇರೆ ಜಾಗವಿಲ್ಲದೆ ತಾರಸಿಯ ಕೆಳಗೇ, ನಮ್ಮ ನಡುವೆಯೇ, ಅವರ ಸಂಸಾರ. ಒಲೆ ನನ್ನ ಬುಡದಲ್ಲಿತ್ತು. ರೊಟ್ಟಿ ತಟ್ಟುವ ಸದ್ದು ನನ್ನ ತುದಿಯವರೆಗೆ ಹತ್ತುತ್ತಿತ್ತು. ಮರವಾಗಿದ್ದಾಗ ಹಕ್ಕಿ ಕೂತರೂ ಇಷ್ಟು ಹಿತವೆನಿಸಿರಲಿಲ್ಲ.

ತಾರಸಿ ಇನ್ನೂ ಹಸಿಯಾಗಿರುವಾಗಲೇ ಒಂದು ಮಧ್ಯಾಹ್ನ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಸುತ್ತಿಗೆ ಹಿಡಿದು ಬಂದ. ಗಳ ಬಿಚ್ಚಬೇಕು. ಅವನ ಮೂರನೇ ಕಟ್ಟಡಕ್ಕೆ ನಾವು ಬೇಕಾಗಿದ್ದೆವು. ಯಜಮಾನರಿಗೂ ಒಳಗಿನ ಗಾರೆ ಕೆಲಸ ಅಂದೇ ಶುರುವಾಗಬೇಕಿತ್ತು. ಬೇಗ ಬಿಚ್ಚಿದರೆ ತಾರಸಿ ಕುಸಿಯಬಹುದೆಂದು ಮೇಸ್ತ್ರಿಗೆ ಗೊತ್ತು, ಯಜಮಾನರಿಗೂ ಗೊತ್ತು. ಮೇಸ್ತ್ರಿ ಪೋಲು ಮಾಡಿದ ದಿನಗಳನ್ನು ಇಬ್ಬರೂ ಸೇರಿ ಹಸಿ ಕಾಂಕ್ರೀಟಿನಿಂದ ವಸೂಲಿ ಮಾಡಲು ಹೊರಟಿದ್ದರು. ಕುಸಿದರೆ ಯಾರ ಮೇಲೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಹುಲಿಗೆಮ್ಮ ಜಗಳಕ್ಕೆ ನಿಲ್ಲಲಿಲ್ಲ. ಒಂದು ಹಳೇ ಸೀರೆ ತಂದು ನನಗೂ ಪಕ್ಕದ ಗಳಕ್ಕೂ ಬಿಗಿದು ಜೋಳಿಗೆ ಮಾಡಿ ಕೂಸನ್ನು ಮಲಗಿಸಿದಳು. ಇನ್ನಿಬ್ಬರೂ ಅದನ್ನೇ ಮಾಡಿದರು. ಅವರ ಕಡೆಯ ಕೂಲಿಯವರಲ್ಲಿ ಒಂದು ನಡಾವಳಿ: ಕೂಸು ಮಲಗಿದ ಜೋಳಿಗೆಯ ಗಂಟನ್ನು ತಾಯಿಯಲ್ಲದೆ ಯಾರೂ ಮುಟ್ಟುವುದಿಲ್ಲ. ಸುತ್ತಿಗೆಯವರೂ ಅದೇ ಸೀಮೆಯವರು. ಒಬ್ಬ ಬೀಡಿ ಹಚ್ಚಿದ. ಇನ್ನೊಬ್ಬ ಗೋಡೆಗೆ ಒರಗಿದ. ಮೇಸ್ತ್ರಿ ಎಷ್ಟು ಕೂಗಾಡಿದರೂ ಅವರು ಜಗ್ಗಲಿಲ್ಲ.

ಕೊನೆಗೆ ಯಜಮಾನರೇ ಬಂದರು. ತಾವೇ ಬಿಚ್ಚುತ್ತೇನೆಂದು ಗಂಟಿಗೆ ಕೈಯಿಟ್ಟರು. ಒಳಗೆ ಕೂಸು ನಿದ್ದೆಯಲ್ಲೇ ತುಟಿ ಚೀಪಿತು. ಅವರು ಕೈ ಹಿಂದೆಗೆದುಕೊಂಡರು.

“ಇದು ಎಷ್ಟೊತ್ಗೆ ಏಳ್ತದಮ್ಮ?”

“ಇದು ಎದ್ದಾಗ ಅದು ಮಲಗ್ತದ್ರೀ ಸಾವ್ಕಾರ್ರ,” ಎಂದು ಹುಲಿಗೆಮ್ಮ ಪಕ್ಕದ ಜೋಳಿಗೆ ತೋರಿಸಿದಳು.

ಬೀಡಿಯವನು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಯಜಮಾನರು ಸಮಾಧಾನದ ದಾರಿ ಹಿಡಿದರು. ಕಾಲೇಜು ಯಾರಿಗೂ ಕಾಯುವುದಿಲ್ಲ, ತಮ್ಮ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು ಎಂದರು. ಅವಳು ಪೂರ್ತಿ ಕೇಳಿಸಿಕೊಂಡಳು. ಸೆರಗು ಕೊಡವಿ ನೆಲ ತೋರಿಸಿದಳು.

“ಹಂಗಂದ್ರ ಬಿಚ್ಚಸ್ರಿ. ಇವತ್ತು ರಾತ್ರಿ ನಿಮ್ಮ ಹಾಸ್ಗಿ ಇಲ್ಲೇ ತಂದು ಹಾಸ್ರಿ. ನೀವು ಮಲಗಿದ್ರ ನಾವೂ ಮಲಗ್ತೀವಿ.”

ಪಂಚಾಕ್ಷರಯ್ಯ ತಲೆಯೆತ್ತಿ ತಾರಸಿ ನೋಡಿದರು. ಇಷ್ಟು ದಿನ ಬಂದು ಹೋದರೂ ಅವರು ಅದನ್ನು ಕೆಳಗಿನಿಂದ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸುತ್ತಿಗೆಯವರಿಗೆ ಹೊರಡಿ ಎಂದು ಕೈಬೀಸಿ ಸ್ಕೂಟರ್ ಹತ್ತಿದರು.

ನಾವು ಬೇಕಾದಷ್ಟು ದಿನವೂ ನಿಂತೆವು. ಕಾಲೇಜು ಶುರುವಾಯಿತು, ಎಂಟತ್ತು ಹುಡುಗರು ಬೇರೆ ಕಡೆ ಸೇರಿದರು, ಉಳಿದವರು ತಡವಾಗಿ ಬಂದರು. ಯಜಮಾನರು ಮುಳುಗಿಹೋಗಲಿಲ್ಲ. ಮೇಸ್ತ್ರಿಯ ಮೂರನೇ ಕಟ್ಟಡದವರು ಬೈದರು, ಅವನು ಕೇಳಿಸಿಕೊಂಡ. ಅಷ್ಟೇ.

ನಮ್ಮನ್ನು ಬಿಚ್ಚಿದ ದಿನ ತಾರಸಿ ಗೆರೆಯಷ್ಟೂ ಬಿರುಕು ಬಿಡದೆ ನಿಂತಿತು. ಅದೇ ಸಂಜೆ ಮೇಸ್ತ್ರಿ ಮೂವರು ಹೆಂಗಸರಿಗೆ ನಾಳೆಯಿಂದ ಬರಬೇಡಿ ಎಂದ. ಹುಲಿಗೆಮ್ಮ ಸೀರೆ ಮಡಚಿ ಬಟ್ಟೆಗಂಟಿಗೆ ಸೇರಿಸಿ, ಕೂಸನ್ನು ಕಂಕುಳಲ್ಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ತಾರಸಿಗೆ ನಿಲ್ಲಲು ಬಂದಿತ್ತು. ಅದನ್ನು ನಿಲ್ಲಿಸಿಕೊಟ್ಟವಳಿಗೆ ಆ ಊರಿನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಆಮೇಲೆ ಪ್ರತಿ ಕಟ್ಟಡದ ಅಳತೆಗೆ ನನ್ನನ್ನು ಕತ್ತರಿಸುತ್ತ ಬಂದರು. ಈಗ ಮೊಣಕಾಲುದ್ದ ಉಳಿದಿದ್ದೇನೆ. ಬೇಕರಿಯೊಂದರ ಹಿತ್ತಲಲ್ಲಿ ಸೌದೆಯ ಜೊತೆ ಬಿದ್ದಿದ್ದೇನೆ. ನಾಳೆಯೋ ನಾಡಿದ್ದೋ ಬನ್ನು ಬೇಯಿಸುತ್ತೇನೆ. ಅದಕ್ಕೆ ಬೇಸರವಿಲ್ಲ. ಒಲೆಯೊಳಗೆ ಸೇರಿದ ಬನ್ನು ಹೇಗೆ ಉಬ್ಬುತ್ತದೆ ಎಂದು ನೋಡುವ ಆಸೆಯೂ ಇದೆ. ಒಂದು ಮಾತ್ರ ಇನ್ನೂ ತಿಳಿದಿಲ್ಲ. ಗಡುವು ಗೊತ್ತು ಮಾಡುವಾಗ ಯಜಮಾನ ಇರುತ್ತಾನೆ, ಮೇಸ್ತ್ರಿ ಇರುತ್ತಾನೆ, ಕಾಫಿ ಬರುತ್ತದೆ. ತಾರಸಿಯ ಕೆಳಗೆ ಮಲಗುವವರನ್ನು ಯಾಕೆ ಯಾರೂ ಕರೆಯುವುದಿಲ್ಲ?